ಹಸಿರು ಬಳೆಯ ಗೊಂಬೆ

ರಾಜ್ಯ ಒಂದಾದ ಸಂಭ್ರಮಕ್ಕೆ ಬೆಟಗೇರಿಗೆ ಬಂದಿದ್ದ ದೆವ್ವದ ಮನೆಯ ಆಟ ಮುಗಿದು ವಾರವಾಗಿತ್ತು. ಅದರ ತಗಡಿನ ಗೋಡೆ ಬಿಚ್ಚುವ ಮೊದಲು ಒಳಗೆ ನೋಡಬೇಕೆಂದು ಮಧ್ಯಾಹ್ನ ಹೋದೆ. ನಮ್ಮ ಮನೆಯವರು ಹೊರಗೇ ನಿಂತರು.

"ಆಟ ಬಂದ್ ಆಗೇತ್ರಿ ಅಕ್ಕಾರ. ಹಂಗ ಒಂದ್ ಸುತ್ತ ಹಾಕಿ ಬರ್ರಿ," ಎಂದ ಮಾಲೀಕ ಬುಡ್ಡೇಸಾಬ.

ಹೊರಗೆ ಸುಡುಬಿಸಿಲು, ಒಳಗೆ ತಗಡು ತಣ್ಣಗಿತ್ತು. ತಿರುವಿನಲ್ಲಿ ಸೀರೆಯುಟ್ಟ ಹೆಣ್ಣುಗೊಂಬೆ ಕುಳಿತಿತ್ತು. ಕೈತುಂಬ ಹಸಿರು ಬಳೆ, ಹಣೆ ಮಾತ್ರ ಬರಿದು. ಮುತ್ತೈದೆಯ ಹಣೆ ಹಾಗಿರಬಾರದೆಂದು ನನ್ನ ಕುಂಕುಮದಲ್ಲೇ ಚೂರು ಬೆರಳಿಗೆ ತೆಗೆದುಕೊಂಡು ಹಚ್ಚಿದೆ. ಗೊಂಬೆಯ ಹಣೆ ಬೆಚ್ಚಗಿತ್ತು. ಬೆರಳಿಗೆ ಬೆವರು ತಾಗಿತು.

ಓಡಿ ಹೊರಗೆ ಬಂದು ಆ ಗೊಂಬೆ ಯಾರದೆಂದು ಕೇಳಿದೆ.

"ಹೆಣ್ಣ ಗೊಂಬಿ ನಾವು ಇಡಂಗೇ ಇಲ್ರಿ," ಎಂದ ಬುಡ್ಡೇಸಾಬ. "ಇದ್ದ ಗೊಂಬಿ ಎಲ್ಲಾ ನಿನ್ನೆನ ಲಕ್ಷ್ಮೇಶ್ವರಕ್ಕ ಹೋದುವು."

ನಮ್ಮ ಮನೆಯವರು ನನ್ನ ಮುಖ ನೋಡಿ, "ಕುಂಕಮ ಪೂರಾ ಯಾಕ ಅಳಿಸಿಕೊಂಡಿ?" ಎಂದರು.

ದೇವರ ದಯೆ, ಅವರು ಇವತ್ತಿಗೂ ಗಟ್ಟಿಯಾಗಿದ್ದಾರೆ. ದಿನಾ ಬೆಳಿಗ್ಗೆ ನಾನು ಕುಂಕುಮ ಹಚ್ಚಿಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಅದು ಹಣೆಯ ಮೇಲೆ ಇರುವುದಿಲ್ಲ. ಆಗ ಒಳಕೋಣೆಯಲ್ಲಿ ಬಳೆ ಸದ್ದಾಗುತ್ತದೆ. ಅವರು ಅತ್ತ ತಿರುಗಿ, "ಬಂದ್ಯಾ?" ಎನ್ನುತ್ತಾರೆ.

ನಾನು ಅವರ ಎದುರಿಗೇ ಕುಳಿತಿರುತ್ತೇನೆ.