ಸತ್ತ ಮೇಲೆ ಮಂಜಾದ ಕಣ್ಣು

1984ರ ಫೆಬ್ರವರಿ ಆರು, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಕಾಪು ಠಾಣೆಯ ಮೆಟ್ಟಿಲು ಹತ್ತಿ ಬಂದ ಕಪ್ಪು ಸೀರೆಯ ಹೆಂಗಸು, ಕೂರಿ ಎಂದರೂ ಕೂರಲಿಲ್ಲ. ಕೈಯಲ್ಲಿದ್ದ ಅಂಚೆ ಕಾರ್ಡನ್ನು ಸಬ್ ಇನ್‌ಸ್ಪೆಕ್ಟರ್ ದಾಮೋದರ ಅಮೀನರ ಮೇಜಿನ ಮೇಲಿಟ್ಟು, ಕೆಂಡ ಮುಟ್ಟಿದವಳಂತೆ ಬೆರಳು ಹಿಂದೆ ತೆಗೆದಳು.

"ಓದಿ ಸಾರ್. ನನಗೂ ಓದಲು ಬರ್ತದೆ. ಆದರೆ ಇನ್ನೊಬ್ಬರ ಬಾಯಲ್ಲಿ ಒಮ್ಮೆ ಕೇಳಬೇಕು."

ಅಮೀನರು ಓದಿದರು. ‘ಶ್ರೀ ಕ್ಲಾರೆನ್ಸ್, ಕಾಪು. ತಾವು ಜನವರಿ 15ರ ಭಾನುವಾರ ಕಣ್ಣಿನ ತಪಾಸಣೆಗೆ ಹಾಜರಾದುದಕ್ಕೆ ವಂದನೆಗಳು. ಬಲಗಣ್ಣಿನ ದೃಷ್ಟಿ ಮೊದಲಿನಂತೆಯೇ ಇದೆ. ಎಡಗಣ್ಣಿನ ದೃಷ್ಟಿ ಇನ್ನಷ್ಟು ಕುಂದಿದೆ. ಮೇ ತಿಂಗಳಲ್ಲಿ ತಪ್ಪದೆ ಬರುವುದು.’ ಕೆಳಗೆ ಮಣಿಪಾಲದ ಹತ್ತಿರದ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯ ಮೊಹರು.

"ಇದರಲ್ಲಿ ತಪ್ಪೆಂತದ್ದು ಬಾಯಮ್ಮ?"

"ಕ್ಲಾರೆನ್ಸ್ ನನ್ನ ಗಂಡ. ಅವರು ಹೋಗಿ ಒಂದೂವರೆ ವರ್ಷ ಆಯ್ತು."

ಯಾರೂ ಹೇಳದೆಯೇ ಹಳೆಯ ಕಾನ್‌ಸ್ಟೇಬಲ್ ದೇಜಪ್ಪ ಕಪಾಟಿನಿಂದ ಒಂದು ಕಡತ ತಂದಿಟ್ಟ. 1982ರ ಆಗಸ್ಟ್ ಒಂಬತ್ತು. ದೀಪಸ್ತಂಭದ ಬುಡದ ಬಂಡೆಯ ಮೇಲೆ ಒಂದು ಕೊಡೆ, ಒಂದು ಜೊತೆ ಚಪ್ಪಲಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದ್ದ ಮನುಷ್ಯ ಕಾಲು ಜಾರಿದ, ಮಳೆಗಾಲದ ಕಡಲು ಎಳೆದುಕೊಂಡಿತು ಎಂದು ಊರು ತೀರ್ಮಾನಿಸಿತ್ತು. ಕಡತದ ಕೊನೆಯ ಸಾಲು ಮಾತ್ರ ಬೇರೆ: ಶವ ಪತ್ತೆಯಾಗಿಲ್ಲ.

"ನಿಮಗೀಗ ಎಂತ ಬೇಕು?"

"ನಾನು ವಿಧವೆಯಾ ಅಲ್ಲವಾ ಅಂತ ಹೇಳಿ ಸಾರ್. ಅಷ್ಟೇ ಸಾಕು." ಬೆನೆಡಿಕ್ಟಾಳ ಧ್ವನಿ ಏರಲಿಲ್ಲ. "ತಿಂಗಳು ತಿಂಗಳು ಅವರ ಆತ್ಮಕ್ಕೆ ಇಗರ್ಜಿಯಲ್ಲಿ ಪೂಜೆ ಹೇಳಿಸ್ತಿದ್ದೆ. ಕಾರ್ಡು ನೋಡಿ ಫಾದರ್ ಕೇಳ್ತಾರೆ, ಬದುಕಿದವನಿಗೆ ಸತ್ತವರ ಪೂಜೆ ಹೇಗೆ ಹೇಳುವುದು ಬೆನೆಡಿಕ್ಟಾ ಅಂತ. ಊರವರು ಬೊಂಬಾಯಿಯಲ್ಲಿ ಅವರಿಗೆ ಇನ್ನೊಂದು ಸಂಸಾರ ಉಂಟು ಅಂತಾರೆ. ಪಕ್ಕದ ಮನೆಯ ಬರ್ತಾ ಮೊನ್ನೆ ಮುಸ್ಸಂಜೆಗೆ ಬಂಡೆಯ ಮೇಲೆ ಕಂಡಳಂತೆ, ಕಡಲಿಗೆ ಮುಖ ಮಾಡಿ ಕೂತದ್ದನ್ನು. ಈಗ ನಾನು ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಬಂದರೂ ಹೆದರಿಕೆ, ಬಾರದಿದ್ದರೂ ಹೆದರಿಕೆ."

ಹತ್ತು ಗಂಟೆ ಹತ್ತು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಬೇರೆಯವರ ಹೆಸರಲ್ಲಿ ವಂಚನೆ, ಸುಳ್ಳು ದಾಖಲೆ. ಆರೋಪಿ: ಗೊತ್ತಿಲ್ಲ.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಆಂಜೆಲಾ ಎಂಬ ಗುಮಾಸ್ತೆ ಕಾರ್ಡನ್ನು ತಿರುಗಿಸಿ ನೋಡಿ ಒಪ್ಪಿಕೊಂಡಳು.

"ನನ್ನದೇ ಅಕ್ಷರ. ರಿಜಿಸ್ಟರ್ ನೋಡಿ ಬರೆಯುವುದು ನಾನು. ಅಂಚೆ ಡಬ್ಬಿಗೆ ಹಾಕುವುದು ಯಾವಾಗಲೂ ರಘುಪತಿ ಸಾರ್, ಕಣ್ಣು ಅಳೆಯುವವರು. ಜನವರಿ ಮೂವತ್ತಕ್ಕೆ ಅವರು ರಜೆ. ಕಟ್ಟು ಮೇಜಿನ ಮೇಲೇ ಇತ್ತು, ಪಾಪ ಜನ ಕಾಯ್ತಾರಲ್ಲ ಅಂತ ನಾನೇ ಹಾಕಿದೆ. ತಪ್ಪಾಯ್ತಾ?"

"ಕ್ಲಾರೆನ್ಸ್ ಬಂದದ್ದನ್ನು ನೀವು ಕಂಡಿರಾ?"

"ಇಲ್ಲ. ಅಧ್ಯಯನದ ರೋಗಿಗಳನ್ನು ಕರೆಯುವುದು ಭಾನುವಾರ, ಗಲಾಟೆ ಇರುವುದಿಲ್ಲ ಅಂತ. ಭಾನುವಾರ ನನಗೆ ಇಗರ್ಜಿ ಅಲ್ವಾ?"

ಅಧ್ಯಯನ ಎಂತದ್ದೆಂದು ಡಾಕ್ಟರ್ ಯಜ್ಞನಾರಾಯಣ ವಿವರಿಸಿದರು. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತ ಒಸರುತ್ತದೆ. ಬೆಳಕಿನ ಯಂತ್ರದಿಂದ ಅದನ್ನು ಅಲ್ಲಲ್ಲಿ ಸುಟ್ಟರೆ ಒಸರುವುದು ನಿಲ್ಲುವುದೋ ಎಂಬುದು ಪ್ರಶ್ನೆ. ಅರವತ್ತು ಜನರ ಬಲಗಣ್ಣಿಗೆ ಬೆಳಕು ಕೊಟ್ಟಿದ್ದರು. ಎಡಗಣ್ಣನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟಿದ್ದರು. ಅರವತ್ತೂ ಜನರಿಗೆ ಮೂರು ವರ್ಷ ತುಂಬಿದ ಮೇಲೆ ಫಲ ನೋಡಿ ಇನ್ನೊಂದು ಕಣ್ಣಿನ ಚಿಕಿತ್ಸೆ.

"ನಡುವೆ ನೀವು ನೋಡುವುದಿಲ್ವಾ?"

"ಬೆಳಕು ಕೊಟ್ಟವನೇ ಫಲ ಅಳೆಯಬಾರದು. ಕೊಟ್ಟವನಿಗೆ ಒಳ್ಳೆಯದೇ ಕಾಣ್ತದೆ. ಹಾಗಾಗಿ ಅಳೆಯುವುದು, ಕಣ್ಣಿನೊಳಗಿನ ಫೋಟೋ ತೆಗೆಯುವುದು, ಎಲ್ಲ ರಘುಪತಿ ಒಬ್ಬನೇ. ಕಡತ ನಾನು ಮುಟ್ಟುವ ಹಾಗಿಲ್ಲ."

"ಈಗ ಮುಟ್ಟಿ."

ಎದುರಿನ ಹೋಟೆಲಿನ ಇಬ್ಬರನ್ನು ಪಂಚರಾಗಿ ಕರೆಸಿ, ಪಂಚನಾಮೆ ಬರೆದು, ಕ್ಲಾರೆನ್ಸರ ಕಡತ ತೆರೆದರು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆ. ಹಿಂದಿನಿಂದ ದೀಪ ಬಿದ್ದ ಗಾಜಿನ ಮೇಲೆ ಡಾಕ್ಟರು ಫೋಟೋಗಳನ್ನು ಸಾಲಾಗಿ ಇಟ್ಟರು. ಒಂದೊಂದೂ ಮುಳುಗುವ ಸೂರ್ಯನ ಹಾಗೆ ಕೆಂಪು ಬಿಲ್ಲೆ, ಅದರೊಳಗೆ ಬೇರು ಬಿಟ್ಟಂತೆ ರಕ್ತನಾಳ. ಮೊದಲ ಬಾರಿಗೆ ಕಣ್ಣಿನ ಒಳಮೈ ಕಂಡ ಅಮೀನರಿಗೆ, ತಾವು ಅದನ್ನು ನೋಡುತ್ತಿರುವುದೋ ಅದು ತಮ್ಮನ್ನು ನೋಡುತ್ತಿರುವುದೋ ಎಂದು ಸಂಶಯವಾಯಿತು.

"ಎಡಗಣ್ಣು. ಎಂಬತ್ತೆರಡರ ಡಿಸೆಂಬರ್, ಎರಡು ಚುಕ್ಕೆ ರಕ್ತ," ಎಂದರು ಡಾಕ್ಟರು. "ಎಂಬತ್ತಮೂರರ ಜೂನ್, ಏಳೆಂಟು. ಇದು ಹೋದ ತಿಂಗಳದ್ದು, ಅರ್ಧಕ್ಕರ್ಧ ಮುಚ್ಚಿದೆ. ಈ ಮನುಷ್ಯ ಕುರುಡನಾಗ್ತಾ ಇದ್ದಾನೆ."

"ಈ ಮನುಷ್ಯ ಸತ್ತದ್ದು ಎಂಬತ್ತೆರಡರ ಆಗಸ್ಟಿನಲ್ಲಿ ಡಾಕ್ಟ್ರೇ."

ಪಂಚರಲ್ಲಿ ಒಬ್ಬ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿನ ಚಿಲಕ ಹಿಡಿದುಕೊಂಡ. ಸತ್ತವನ ಕಣ್ಣಲ್ಲಿ ತಿಂಗಳಿಂದ ತಿಂಗಳಿಗೆ ಹೊಸ ರಕ್ತ. ಡಾಕ್ಟರು ಎಂಬತ್ತೆರಡರ ಮೇ ತಿಂಗಳ ಫೋಟೋ ಹುಡುಕಿ ಪಕ್ಕದಲ್ಲಿಟ್ಟರು.

"ಇಲ್ಲಿ ನೋಡಿ, ನಾಳ ಕವಲೊಡೆದ ರೀತಿ. ಬೆರಳಚ್ಚಿನ ಹಾಗೆಯೇ, ಒಬ್ಬರದ್ದು ಇನ್ನೊಬ್ಬರಿಗೆ ಇರುವುದಿಲ್ಲ. ಮೇ ತನಕದ್ದು ಒಂದು ಕಣ್ಣು. ಆಮೇಲಿನದ್ದು ಬೇರೆಯವರದ್ದು."

"ಈ ಅರವತ್ತರಲ್ಲಿ ಬೇರೆ ಯಾರಾದರೂ ತೀರಿಕೊಂಡಿದ್ದಾರಾ?"

"ರಿಜಿಸ್ಟರಿನಲ್ಲಿ ಒಬ್ಬರೂ ಇಲ್ಲ. ಅರವತ್ತೂ ಜನ ಬಂದಿದ್ದಾರೆ."

"ಅರವತ್ತು ಮಂದಿ ಸಕ್ಕರೆ ಕಾಯಿಲೆಯ ಪ್ರಾಯಸ್ಥರು. ಎರಡೂವರೆ ವರ್ಷ. ನಮ್ಮ ಜಿಲ್ಲೆಯಲ್ಲಿ ಯಮ ಇಷ್ಟು ರಜೆ ಹಾಕಿದ್ದು ನಾನು ಕೇಳಿಲ್ಲ."

ಅಂದೂ ರಜೆಯಲ್ಲಿದ್ದ ರಘುಪತಿಗೆ ವಿಷಯ ಮುಟ್ಟಿಸಬಾರದೆಂದು ಡಾಕ್ಟರಿಗೂ ಆಂಜೆಲಾಳಿಗೂ ಎಚ್ಚರಿಕೆ ಕೊಟ್ಟು ಅಮೀನರು ಹಿಂದಿರುಗಿದರು. ದಾರಿಯುದ್ದಕ್ಕೂ ರೆಪ್ಪೆ ಮುಚ್ಚಿದಾಗಲೆಲ್ಲ ಒಂದು ಕೆಂಪು ಬಿಲ್ಲೆ ಎದುರು ಬಂದು ನಿಲ್ಲುತ್ತಿತ್ತು.

ರಿಜಿಸ್ಟರಿನ ಅರವತ್ತು ಹೆಸರು ಹಿಡಿದು ಮೂರು ದಿನ ದೇಜಪ್ಪ ಬಸ್ಸು ಹತ್ತಿ ಇಳಿದ. ಅಂಬಲಪಾಡಿ, ಅಲೆವೂರು, ಕಾರ್ಕಳ, ಮನೆ ಮನೆ. ಎಂಟರಂದು ಮಧ್ಯಾಹ್ನ ಕಾರ್ಕಳದ ಹೊರಗೆ ಒಂದು ಮನೆಯಂಗಳದಲ್ಲಿ ಅಂಗಾರ ಎಂಬವ ಕತ್ತಿ ಮಸೆಯುತ್ತಿದ್ದ.

"ಬೂಬ ಇದ್ದಾರಾ?"

"ಅಣ್ಣನಾ? ಇದ್ದಾರೆ, ಹಿತ್ತಿಲಲ್ಲಿ. ಅವರನ್ನು ಸುಟ್ಟ ಜಾಗದಲ್ಲಿ ನೆಟ್ಟ ತೆಂಗಿನ ಸಸಿ ನನ್ನ ಎದೆಯುದ್ದ ಆಗಿದೆ."

"ಹೋದ ನವೆಂಬರಿನಲ್ಲಿ ಕಣ್ಣು ತೋರಿಸ್ಲಿಕ್ಕೆ ಮಣಿಪಾಲಕ್ಕೆ ಹೋಗಿದ್ರಂತಲ್ಲ?"

ಅಂಗಾರ ಕತ್ತಿ ಕೆಳಗಿಟ್ಟ. "ಹೋಗುವಾಗ ನನ್ನನ್ನೊಂದು ಮಾತು ಕೇಳಬಾರದಿತ್ತಾ ಮಾರಾಯ್ರೆ? ಬರುವಾಗ ಬೀಡಿ ತರಲಿಕ್ಕಿತ್ತು." ನಕ್ಕು, ಪೊಲೀಸಿನವನು ನಗದೆ ನಿಂತದ್ದು ಕಂಡು, ಅವನ ನಗುವೂ ನಿಂತಿತು. ಮೆಲ್ಲಗೆ ತಿರುಗಿ ಹಿತ್ತಿಲ ಕಡೆ ನೋಡಿದ.

ಒಟ್ಟು ಐದು ಜನ ಸತ್ತಿದ್ದರು. ಐವರೂ ರಿಜಿಸ್ಟರಿನಲ್ಲಿ ತಪ್ಪದೆ ಬರುತ್ತಿದ್ದರು.

ಫೆಬ್ರವರಿ ಹತ್ತು, ಶುಕ್ರವಾರ. ರಘುಪತಿ ಅಂದು ಹಳ್ಳಿಯೊಂದರ ಕಣ್ಣಿನ ಶಿಬಿರಕ್ಕೆ ಹೋಗಿದ್ದ. ಐದು ಕಡತಗಳ ಕೊನೆಯ ಫೋಟೋಗಳನ್ನು ಡಾಕ್ಟರು ಗಾಜಿನ ಮೇಲೆ ಇಟ್ಟರು. ಐದೂ ಒಂದೇ ಕಣ್ಣು. ಕ್ಲಾರೆನ್ಸನ ಹೆಸರಲ್ಲಿ, ಬೂಬನ ಹೆಸರಲ್ಲಿ, ಇನ್ನು ಮೂವರ ಹೆಸರಲ್ಲಿ, ಅದೇ ಕವಲು, ಅದೇ ರಕ್ತದ ಮೋಡ.

"ಬಲಗಣ್ಣಲ್ಲಿ ನಾನು ಬೆಳಕು ಕೊಟ್ಟ ಕಲೆಗಳಿವೆ," ಎಂದರು ಡಾಕ್ಟರು. "ಅಂದರೆ ಇದು ಅರವತ್ತರಲ್ಲೇ ಒಬ್ಬರದ್ದು. ಬದುಕಿದವರದ್ದು."

ಉಳಿದ ಐವತ್ತೈದು ಕಡತಗಳನ್ನು ಒಂದೊಂದಾಗಿ ತೆರೆದರು. ಇಪ್ಪತ್ತೇಳನೆಯದರಲ್ಲಿ ಡಾಕ್ಟರ ಕೈ ನಿಂತಿತು. ‘ಮನೋರಮಾ, 58 ವರ್ಷ, ಕಡಿಯಾಳಿ.’

"ಯಾರಿವರು?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ರಘುಪತಿಯ ತಾಯಿ."

ಮರುದಿನ ಬೆಳಿಗ್ಗೆ ಏಳಕ್ಕೆ ಅಮೀನರೂ ದೇಜಪ್ಪನೂ ಕಡಿಯಾಳಿಯ ಆ ಮನೆಯ ಜಗಲಿ ಹತ್ತಿದರು. ಒಳಗೆ ಬೆತ್ತದ ಕುರ್ಚಿಯಲ್ಲಿದ್ದ ಹೆಂಗಸು ಶಬ್ದ ಬಂದ ಕಡೆ ಕತ್ತು ವಾರೆ ಮಾಡಿ, ಬಲಗಣ್ಣನ್ನೇ ಮುಂದೆ ತಂದು ನೋಡಿದರು.

"ಆಸ್ಪತ್ರೆಯವರಾ? ಇವತ್ತು ಶನಿವಾರ ಅಲ್ವಾ? ಫೋಟೋ ನಾಳೆಗಲ್ವಾ?"

"ಎಷ್ಟು ಸಲ ಫೋಟೋ ತೆಗೆಸಿದ್ದೀರಿ ಅಮ್ಮ?"

"ಲೆಕ್ಕ ಇಲ್ಲಪ್ಪ. ಗದ್ದ ಇಡು ಅಂತಾನೆ, ಇಡ್ತೇನೆ. ಕಣ್ಣಿಗೆ ಸಿಡಿಲು ಹೊಡೆದ ಹಾಗೆ ಬೆಳಕು. ಆ ಕತ್ತಲೆಯಲ್ಲಿ ಒಂದೊಂದು ಸಲ ಹೆದರಿಕೆ ಆಗ್ತದೆ. ಫೋಟೋಕ್ಕೆ ಮುಂಚೆ ರೋಗಿಯ ಹೆಸರು ಕೂಗಬೇಕು ಅಂತ ಅಲ್ಲಿ ಶಿಸ್ತಂತೆ. ಅಭ್ಯಾಸಬಲ. ಒಮ್ಮೆ ಬೂಬ ಅಂತ ಕೂಗಿದ. ಮೊನ್ನೆ ಕ್ಲಾರೆನ್ಸ್ ಅಂದ."

"ನೀವೆಂತ ಹೇಳಿದಿರಿ?"

"ಓ ಅಂದೆ. ಮಗ ಕರೆದದ್ದಲ್ವಾ?"

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ರಘುಪತಿ ಬಂದ. ಒದ್ದೆ ತಲೆ, ಹೆಗಲ ಮೇಲೆ ಬೈರಾಸು. ಖಾಕಿ ಕಂಡು ಓಡಲಿಲ್ಲ, ಇಬ್ಬರನ್ನೂ ಜಗಲಿಗೆ ಕರೆದ.

"ಕಾರ್ಡಾ ಸಾರ್?"

"ಕಾರ್ಡೇ. ಸತ್ತವರ ಕಾರ್ಡು ಎಂತ ಮಾಡ್ತಿದ್ದಿರಿ?"

"ಒಲೆಗೆ ಹಾಕ್ತಿದ್ದೆ. ಮೂವತ್ತಕ್ಕೆ ಮಾತ್ರ ಅಮ್ಮನ ಎಡಗಣ್ಣಿನ ಎದುರು ಒಮ್ಮೆಲೇ ಕಪ್ಪು ಪರದೆ ಬಿತ್ತು. ಬಿಟ್ಟು ಬರಲು ಆಗಲಿಲ್ಲ."

"ಸತ್ತವರನ್ನು ಯಾಕೆ ಬದುಕಿಸಿದಿರಿ?"

"ಒಬ್ಬರು ಕಡಿಮೆಯಾದರೆ ಅವರ ಬದಲು ಹೊಸಬರನ್ನು ಸೇರಿಸಬೇಕು. ಆ ಹೊಸಬರಿಗೆ ಪುನಃ ಮೂರು ವರ್ಷ ತುಂಬಬೇಕು. ಅಲ್ಲಿಯ ತನಕ ಯಾರ ಎಡಗಣ್ಣಿಗೂ ಬೆಳಕಿಲ್ಲ. ಬರುವ ಆಗಸ್ಟಿಗೆ ಮುಗಿಯುವುದಿತ್ತು ಸಾರ್. ಬರೇ ಆರು ತಿಂಗಳು."

"ಡಾಕ್ಟ್ರನ್ನು ಕೇಳಬಹುದಿತ್ತಲ್ಲ?"

"ಕೇಳಿದೆ. ನಿನ್ನ ಅಮ್ಮನಿಗೆ ಕೊಟ್ಟರೆ ಎಲ್ಲರ ಅಮ್ಮನಿಗೂ ಕೊಡಬೇಕು, ಮತ್ತೆ ಈ ಬೆಳಕು ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದು ಹೇಗೆ ರಘುಪತಿ ಅಂದರು. ಅವರು ಹೇಳಿದ್ದೂ ಸರಿಯೇ. ಆದರೆ ಫೋಟೋ ತೆಗೆಯುವುದು ನಾನು. ಪ್ರತಿ ಭಾನುವಾರ ಆ ಕಣ್ಣು ಮುಳುಗುವುದನ್ನು ನೋಡುವವನು ನಾನೊಬ್ಬನೇ."

"ರಘು, ಯಾರು ಅದು? ಎಂತ ಹೇಳ್ತಾರೆ?" ಒಳಗಿನಿಂದ ತಾಯಿ ಕೇಳಿದರು.

"ಕೆಲಸದ ವಿಷಯ ಅಮ್ಮ. ಸ್ವಲ್ಪ ಹೋಗಿ ಬರ್ತೇನೆ."

ಏಳೂ ನಲವತ್ತಕ್ಕೆ ದಸ್ತಗಿರಿ. ಕೋಳ ಹಾಕಬೇಡ ಎಂದು ಅಮೀನರು ದೇಜಪ್ಪನಿಗೆ ಕಣ್ಸನ್ನೆ ಮಾಡಿದರು. ಪಕ್ಕದ ಮನೆಯ ನಳಿನಾಕ್ಷಿಯನ್ನು ಕರೆದು ಮುದುಕಿಯ ಬಳಿ ಕೂರಿಸಿದ ಮೇಲೆಯೇ ಜೀಪು ಹೊರಟಿತು.

ಅದೇ ದಿನ ಡಾಕ್ಟರ್ ಯಜ್ಞನಾರಾಯಣ ನಿಯಮ ಬದಿಗಿಟ್ಟು ಮನೋರಮಾರನ್ನು ಬೆಳಕಿನ ಯಂತ್ರದ ಎದುರು ಕೂರಿಸಿದರು. ಎಡಗಣ್ಣಿನ ಒಳಗೆಲ್ಲ ರಕ್ತ ತುಂಬಿತ್ತು. ಬೆಳಕು ಹಿಂಪರದೆಯನ್ನು ಮುಟ್ಟಲಿಲ್ಲ.

ಮಧ್ಯಾಹ್ನ ಅಮೀನರು ತಾವೇ ಬೆನೆಡಿಕ್ಟಾಳ ಮನೆಗೆ ಹೋದರು. ಒಣಮೀನು ಮಗುಚಿ ಹಾಕುತ್ತಿದ್ದವಳು ಎದ್ದು ನಿಂತಳು.

"ಆ ಭಾನುವಾರ ಬಂದದ್ದು ನಿಮ್ಮ ಗಂಡ ಅಲ್ಲ ಬಾಯಮ್ಮ. ಆಗಸ್ಟಿನ ನಂತರ ಅವರು ಎಲ್ಲಿಗೂ ಬಂದಿಲ್ಲ. ಡಾಕ್ಟ್ರು ಬರೆದು ಕೊಟ್ಟಿದ್ದಾರೆ."

ಅವಳು ಕಾಗದ ತೆಗೆದುಕೊಂಡಳು, ಓದಲಿಲ್ಲ. "ಹಾಗಾದರೆ ಆ ಕಣ್ಣು ಯಾರದ್ದು?"

"ಒಬ್ಬ ತಾಯಿಯದ್ದು. ಕ್ಲಾರೆನ್ಸ್ ಅಂತ ಮಗ ಕೂಗಿದಾಗ ಓ ಅಂದವರು."

"ಅವರಿಗೆ ಈಗ ಕಾಣ್ತದಾ?"

"ಒಂದರಲ್ಲಿ."

ಬೆನೆಡಿಕ್ಟಾ ಸೆರಗಿಗೆ ಕೈ ಒರೆಸಿಕೊಂಡಳು. "ಒಂದೂವರೆ ವರ್ಷ ಅವರ ಹೆಸರಿಗೆ ಯಾರೋ ಓ ಅಂದಿದ್ದಾರಲ್ಲ ಸಾರ್," ಎಂದಳು. ಆಮೇಲೆ ಮೊದಲ ಬಾರಿಗೆ ಅತ್ತಳು. ಆ ಸಂಜೆ ಐದಕ್ಕೆ ಅವಳು ಇಗರ್ಜಿಯ ಕಡೆ ನಡೆದು ಹೋದದ್ದನ್ನು ಬರ್ತಾ ನೋಡಿದಳು.

ಠಾಣೆಯಲ್ಲಿ ಅಮೀನರು ಕೇಸ್ ಡೈರಿ ತೆರೆದರು. ಸಮಯ, ಸ್ಥಳ, ಸಾಕ್ಷಿಗಳು, ವಶಪಡಿಸಿಕೊಂಡ ಫೋಟೋಗಳು, ಎಲ್ಲ ಸರಾಗವಾಗಿ ಬಂತು. ‘ಕೃತ್ಯದ ಉದ್ದೇಶ’ ಎಂಬಲ್ಲಿ ಪೆನ್ನು ನಿಂತಿತು. ಆರೋಪಿಗೆ ಇದರಿಂದ ಕೈಗೆ ಸಿಕ್ಕಿದ್ದು ಏನೂ ಇರಲಿಲ್ಲ. ಸುಮಾರು ಹೊತ್ತಿನ ಮೇಲೆ ಎರಡೇ ಶಬ್ದ ಬರೆದು ಪುಸ್ತಕ ಮುಚ್ಚಿದರು.

‘ತಾಯಿಯ ಎಡಗಣ್ಣು.’