ಎಡ ಸೀಟಿನ ಐವತ್ತೆರಡು ಕಿಲೋ

“ನಿಲ್ಲಸ್ರೀ! ಇನ್ನೊಂದು ಗೇಣು ಮುಂದ ಬಂದ್ರ ಇಂಜಿನ್ ತಳಾ ಒಡಿತೈತಿ!”

ದ್ರಾಕ್ಷಾಯಿಣಿ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಓಡಿಬಂದಳು. ಗ್ಯಾರೇಜಿನ ಬಾಗಿಲಿನ ಕಲ್ಲಿನ ಮೇಲೆ ಬಿಳಿಯ ಕಾರೊಂದು ಹೊಟ್ಟೆ ಊರಿ ಕುಳಿತಿತ್ತು. ಮುಂದಿನ ಚಕ್ರಗಳು ಒಳಗೆ, ಹಿಂದಿನವು ಹೊರಗೆ.

ಅವಳು ಮೊಣಕಾಲೂರಿ ಕಾರಿನ ಕೆಳಗೆ ಕೈ ತೂರಿಸಲು ನೋಡಿದಳು. ನಾಲ್ಕು ಬೆರಳು ಕೂಡ ಹೋಗಲಿಲ್ಲ.

“ಸ್ಪ್ರಿಂಗ್ ಯಾರ್ರಿ ಕಡದವ್ರು?”

ಇಳಿದವನು ತಲೆ ತಗ್ಗಿಸಿದ. “ನಾನs ಕಡಿಸೇನ್ರಿ.”

“ಯಾಕ?”

“ಗಾಡಿ ನೆಲಕ್ಕ ಹತ್ತಿ ನಿಂತ್ರ ಚಂದ ಕಾಣಸ್ತೈತಿ ಅಂತ...”

“ಕಾಣಸ್ತೈತಿ ನೋಡ್ರಿ ಈಗ! ಊರ ಮಂದಿ ಎಲ್ಲಾ ನಿಂತು ನೋಡಾಕತ್ತೈತಿ!”

ರಸ್ತೆಯಲ್ಲಿ ನಿಂತಿದ್ದವರು ನಕ್ಕರು. ಅವನೂ ನಕ್ಕ. ಆ ನಗೆಯಲ್ಲಿ ಅವಮಾನವಿರಲಿಲ್ಲ; ತಪ್ಪನ್ನು ಒಪ್ಪಿಕೊಂಡವನ ಹಗುರವಿತ್ತು. ದ್ರಾಕ್ಷಾಯಿಣಿಯ ಸಿಟ್ಟು ಎಲ್ಲಿ ಇಳಿಯಿತೋ ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ಶಿವಾನಂದ. ಊರು ಕುಲಗೋಡ, ಕುರಿ ಸಾಕುವ ಮನೆತನ. ಹುಕ್ಕೇರಿಯ ಪಶು ಆಸ್ಪತ್ರೆಯಲ್ಲಿ ವೈದ್ಯ. ಮೂಡಲಗಿ ದಾಟಿ, ಗೋಕಾಕ ದಾಟಿ ದಿನವೂ ಹೋಗಿ ಬರುತ್ತಿದ್ದ. ದಿನಕ್ಕೆ ನೂರಾ ನಲವತ್ತು ಕಿಲೋಮೀಟರಿನ ಓಡಾಟ.

ಆ ದಾರಿಯ ಮೇಲಿದ್ದ ಈ ಗ್ಯಾರೇಜು ದ್ರಾಕ್ಷಾಯಿಣಿಯ ತಂದೆ ಬೀರಸಿದ್ದಪ್ಪನದು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಅವಳು ಇಲ್ಲಿ ದುಡಿಯತೊಡಗಿ ಐದು ವರ್ಷ. ಬಂದ ಗಿರಾಕಿಗಳು ಅವಳನ್ನು ದಾಟಿ ಒಳಗೆ ಇಣುಕಿ, “ಮಾಲಕರು ಇಲ್ಲೇನ?” ಎನ್ನುವುದು ರೂಢಿ.

ಶಿವಾನಂದ ಒಳಗೆ ಇಣುಕಲಿಲ್ಲ. ಅವಳನ್ನೇ ಕೇಳಿದ.

“ಹೇಳ್ರಿ... ಏನ್ ಮಾಡಿದ್ರ ಛಲೋ?”

“ನಿಮಗ ಗಾಡಿ ನೋಡಾಕ ಬೇಕೋ, ಓಡ್ಸಾಕ ಬೇಕೋ?”

“ಎರಡಕ್ಕೂ ಬೇಕ್ರಿ. ತಗ್ಗೂ ಇರಬೇಕು, ದಿನಾ ಹುಕ್ಕೇರಿನೂ ಮುಟ್ಟಬೇಕು.”

ದುರಾಸೆ! ಆದರೆ ಅಸಾಧ್ಯವಲ್ಲ. ಅವಳು ಮೇಜಿನ ಮೇಲೆ ಹೊಸ ಸ್ಪ್ರಿಂಗು, ಶಾಕಪ್ಪುಗಳ ಎರಡು ಪುಸ್ತಿಕೆಗಳನ್ನು ಹರಡಿದಳು.

“ಎರಡೂ ಎತ್ತರ ಹೊಂದಸೂವs. ಇದು ಪ್ರದರ್ಶನದ್ದು. ಭಾಳ ತಗ್ಗ ಆಗ್ತೈತಿ, ಸ್ಪ್ರಿಂಗ್ ಬಿರುಸು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಕೆಡಿಸಿದ ರಸ್ತಾದಾಗ ಹೋದ್ರ ನಿಮ್ಮ ಸೊಂಟಕ್ಕ ನೀವs ಇಂಜೆಕ್ಷನ್ ಮಾಡ್ಕೋಬೇಕು.”

“ಇನ್ನೊಂದು?”

“ಇದರಾಗ ತಗ್ಗಸಾಕ ಸ್ಪ್ರಿಂಗ್ ಬಿಗಿ ಮಾಡೂದು ಬ್ಯಾಡ. ಶಾಕಪ್ಪಿನ ಕೆಳಗಿನ ಕಾಲು ತಿರುವಿದ್ರ ಸಾಕು, ಗಾಡಿ ಇಳಿತೈತಿ, ಅದು ಮ್ಯಾಲ ಕೆಳಗ ಆಡೂ ಜಾಗಾ ಹಂಗs ಉಳಿತೈತಿ. ಮ್ಯಾಲ ಒಂದು ತಿರುವೂ ಗುಂಡಿ ಐತಿ, ಇಪ್ಪತ್ನಾಲ್ಕು ಕ್ಲಿಕ್. ರಸ್ತಾ ಕೆಟ್ಟರ ಮೆತ್ತಗ, ಛಲೋ ಇದ್ರ ಬಿರುಸು. ಆದ್ರ ಇದು ಮೊದಲಿನದಕ್ಕಿಂತ ಎರಡು ಬೆರಳು ಎತ್ತರನs ನಿಲ್ಲತೈತಿ.”

ಅವನು ಪ್ರದರ್ಶನದ ಪುಸ್ತಿಕೆಯನ್ನು ಇನ್ನೊಮ್ಮೆ ಆಸೆಯಿಂದ ನೋಡಿದ. ಬಳಿಕ ಅವಳ ಮುಖ ನೋಡಿದ.

“ನಿಮ್ಮ ಗಾಡಿ ಆಗಿದ್ರ ಯಾವ್ದು ಹಾಕ್ತಿದ್ರಿ?”

“ಎರಡನೇದು.”

“ಹಂಗಾರ ಅದs ಆಗ್ಲಿ ಬಿಡ್ರಿ.”

ಇಷ್ಟೇ ಮಾತು. ಆದರೂ ಆ ಸಂಜೆ ಪಾನಾಗಳನ್ನು ಒರೆಸಿಡುವಾಗ ದ್ರಾಕ್ಷಾಯಿಣಿ ಹದಿನಾಲ್ಕನೇ ಅಳತೆಯದರ ಜಾಗದಲ್ಲಿ ಹದಿನೇಳರದನ್ನು ಇಟ್ಟಳು.

* * *

ಸಾಮಾನು ಬರಲು ಮೂರು ವಾರ ಹಿಡಿಯಿತು.

ಆ ಮೂರು ವಾರ ಶಿವಾನಂದ ಪ್ರತಿ ಸಂಜೆ ಐದೂವರೆಗೆ ಗ್ಯಾರೇಜಿನ ಹೊರಗೆ ಕಾರು ನಿಲ್ಲಿಸಿದ. ಕೈಯಲ್ಲಿ ಕರದಂಟಿನ ಪೊಟ್ಟಣ.

“ಬಂತೇನ್ರಿ ಸಾಮಾನು?”

“ಇಲ್ರಿ. ಬಂದ್ರ ಫೋನ್ ಮಾಡ್ತೇನಿ ಅಂದಿದ್ನೆಲ್ಲ?”

“ಫೋನಿನ್ಯಾಗ ಕರದಂಟು ಕೊಡಾಕ ಬರೂದಿಲ್ಲಲ್ರಿ!”

ಬೀರಸಿದ್ದಪ್ಪ ಕನ್ನಡಕದ ಮೇಲಿನಿಂದ ನೋಡಿ, ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಶಿವಾನಂದ ಆ ದಿನ ನೋಡಿದ ಎಮ್ಮೆಯ ಕಥೆ ಹೇಳುತ್ತಿದ್ದ. ಇವಳು ಆ ದಿನ ಬಿಚ್ಚಿದ ಗೇರ್‌ಬಾಕ್ಸಿನ ಕಥೆ ಹೇಳುತ್ತಿದ್ದಳು. ಇಬ್ಬರಿಗೂ ಎರಡೂ ರುಚಿಸುತ್ತಿದ್ದವು.

‘ಐದೂವರೆ ಆಗೋದನ್ನ ನಾನು ಕಾಯಾಕತ್ತೇನಿ...’ ಎಂದು ಹದಿನೈದನೆಯ ದಿನ ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಕಾಯುವುದು ಇನ್ನಷ್ಟು ಕಷ್ಟವಾಯಿತು.

ಇಪ್ಪತ್ತನೆಯ ದಿನ, ಭಾನುವಾರ, ಅವನು ಬರಲಿಲ್ಲ. ಮರುದಿನ ಬೆಳಿಗ್ಗೆ ಎದುರಿನ ಚಹಾದಂಗಡಿಯ ಉದ್ದವ್ವ ಕಪ್ಪು ಕೊಡುತ್ತ ನಕ್ಕಳು.

“ಏನವ್ವಾ ತಂಗಿ, ನಿಮ್ಮ ಡಾಕ್ಟರ್ ನಿನ್ನೆ ಹುಕ್ಕೇರಿ ಕಡೆ ಕನ್ಯಾ ನೋಡಾಕ ಹೊಂಟಿದ್ನಂತಲ್ಲ! ಕಾರ್ ತುಂಬ ಹಿರ್ಯಾರು. ಇಲ್ಲೆ ರಸ್ತಾದ ಉಬ್ಬ ಹಂಪಿನ್ಯಾಗ ಎಲ್ಲಾರನ್ನೂ ಇಳಿಸಿ, ಗಾಡಿ ದಾಟಿಸಿ, ಮತ್ತ ಹತ್ತಿಸ್ಕೊಂಡ. ನಕ್ಕು ನಕ್ಕು ನನಗ ಸಾಕಾತು!”

ದ್ರಾಕ್ಷಾಯಿಣಿ ನಗಲಿಲ್ಲ. ಚಹಾ ಸುಡುತ್ತಿತ್ತೇ, ತಣ್ಣಗಿತ್ತೇ, ಅವಳಿಗೆ ನೆನಪಿಲ್ಲ.

‘ಹೊಂಟಿದ್ರ ಹೋಗ್ಲಿ. ನನಗೇನು? ನಾನು ಅವರಿಗೆ ಏನಾದ್ರೂ ಹೇಳೇನೇನು? ಅವರರ ನನಗ ಏನಾದ್ರೂ ಹೇಳ್ಯಾರೇನು?’

ಇಲ್ಲ. ಯಾರೂ ಏನೂ ಹೇಳಿರಲಿಲ್ಲ. ಹಾಗಾದರೆ ಎದೆಯಲ್ಲಿ ಭಾರವಾದದ್ದು ಯಾವುದು?

* * *

ಅದೇ ದಿನ ಸಾಮಾನು ಬಂದಿತು. ಮಂಗಳವಾರ ಶಿವಾನಂದ ರಜೆ ಹಾಕಿ ಬಂದ.

ಬೀರಸಿದ್ದಪ್ಪನ ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿತ್ತು. ಖಾಲಿ ಕಾರಿಗೆ ಎತ್ತರ ಹೊಂದಿಸಬಾರದು. ದಿನವೂ ಯಾರು ಕುಳಿತುಕೊಳ್ಳುತ್ತಾರೋ ಅವರಷ್ಟೇ ತೂಕದ ಜೋಳದ ಚೀಲವನ್ನು ಅವರ ಸೀಟಿನಲ್ಲಿಟ್ಟು, ಚಕ್ರದ ನಡುವಿನಿಂದ ಮೇಲಿನ ತಗಡಿನ ಅಂಚಿನವರೆಗೆ ಅಳೆದು, ಬಲ ಎಡ ಸಮ ಮಾಡಬೇಕು. ಜೋಳ ತೂಗಲೆಂದೇ ಮೂಲೆಯಲ್ಲಿ ಒಂದು ಕಾಟಾ ಇತ್ತು.

“ನಿಮ್ಮ ತೂಕ?” ದ್ರಾಕ್ಷಾಯಿಣಿ ಮುಖ ಎತ್ತದೆ ಕೇಳಿದಳು.

“ಎಪ್ಪತ್ತೊಂದ್ರಿ.”

“ಬಾಜೂ ಸೀಟ್ ಖಾಲಿ ಅಲ್ಲ?”

ಅವನು ತಡವರಿಸಿದ. ಕಿವಿ ಕೆಂಪಾಯಿತು.

“ಇಲ್ರಿ... ಅಲ್ಲೂ ಹಾಕ್ರಿ. ಐವತ್ತೆರಡು.”

ಅವಳ ಕೈಯಲ್ಲಿದ್ದ ಪೆನ್ಸಿಲು ನಿಂತಿತು.

“ದಿನಾ ಕೂಡವ್ರಾ?”

“ದಿನಾ ಕೂಡಬೇಕು ಅಂತ ನನಗ ಆಸೆ. ಅವರನ್ನ ಇನ್ನಾ ಕೇಳಿಲ್ಲ. ಮೊದಲು ಗಾಡಿ ಸರಿ ಆಗ್ಲಿ ಅಂತ... ಕುಲುಕೋ ಗಾಡ್ಯಾಗ ಕೂಡ್ರಿ ಅಂತ ಯಾವ ಬಾಯಿಂದ ಕೇಳ್ಲಿ?”

‘ನಿನ್ನೆ ಮೊನ್ನೆ ನೋಡಿ ಬಂದ ಹುಡುಗಿ ತೂಕನೂ ಗೊತ್ತೈತಿ!’

ಕಣ್ಣು ಮಂಜಾದವು. ಅವಳು ಬೇಗನೆ ತಿರುಗಿ ಜೋಳದ ಕಡೆಗೆ ಹೋದಳು. “ಸಂಜಿಗೆ ಬರ್ರಿ. ನಿಂತು ಕಾಯೂದು ಬ್ಯಾಡ.”

ಅವನು ಹೋದ ಮೇಲೆ ನಾಲ್ಕು ಗಂಟೆಗಳ ಕಾಲ ಅವಳು ದುಡಿದಳು. ಕಡಿದ ಸ್ಪ್ರಿಂಗುಗಳನ್ನು ಕಿತ್ತಳು, ಹೊಸವನ್ನು ಕೂರಿಸಿದಳು. ಚೀಲ ತೂಗಿದಳು. ಐವತ್ತೊಂದೂವರೆ ತೋರಿತು, ಇನ್ನೆರಡು ಬೊಗಸೆ ಜೋಳ ಹಾಕಿದಳು. ಚೀಲವನ್ನು ಎಡ ಸೀಟಿನಲ್ಲಿ ಕೂರಿಸಿ, ಬೀಳದಿರಲೆಂದು ಸೀಟ್ ಬೆಲ್ಟ್ ಹಾಕಿದಳು.

ಬಲ ಮುನ್ನೂರ ನಲವತ್ತು ಮಿಲಿಮೀಟರ್. ಎಡ ಮುನ್ನೂರ ನಲವತ್ತು.

ಉಳಿದದ್ದು ಮೇಲಿನ ಗುಂಡಿ.

ಎಡಗಡೆಗೆ ನಾಲ್ಕು ಕ್ಲಿಕ್ ಬಿರುಸು ಮಾಡಿದರೆ ಕಣ್ಣಿಗೆ ಕಾಣದು, ಅಳತೆಗೆ ಸಿಗದು. ಆ ಸೀಟಿನಲ್ಲಿ ಕುಳಿತವಳಿಗೆ ಮಾತ್ರ ಪ್ರತಿ ತಗ್ಗಿನಲ್ಲೂ ಒಂದು ಹೊಡೆತ. ಹತ್ತು ದಿನದಲ್ಲಿ ಅವಳಿಗೆ ಈ ಕಾರು ಬೇಡವಾಗುತ್ತದೆ...

ದ್ರಾಕ್ಷಾಯಿಣಿಯ ಬೆರಳು ಗುಂಡಿಯ ಮೇಲೆ ಒಂದು ನಿಮಿಷ ಸುಮ್ಮನಿತ್ತು.

‘ಯಾರಿಗೋ ನೋವು ಮಾಡಿ ನನ್ನ ನೋವು ಕಡಿಮಿ ಆಗ್ತೈತೇನು?’

ಅವಳು ಎರಡೂ ಕಡೆ ಸಮವಾಗಿ ಹನ್ನೆರಡಕ್ಕೆ ಇಟ್ಟಳು. ಬಳಿಕ ಎರಡನ್ನೂ ಇನ್ನೆರಡು ಕ್ಲಿಕ್ ಮೆತ್ತಗೆ ಮಾಡಿದಳು. ಯಾರೋ ಅರಿಯದವಳಿಗಾಗಿ... ಎರಡು ಕ್ಲಿಕ್.

ಸಂಜೆ ಕೀಲಿ ಕೊಡುವಾಗ ಅವಳ ಧ್ವನಿ ಒಣಗಿತ್ತು.

“ಸ್ಪ್ರಿಂಗ್ ಕೂಡಾಕ ಒಂದು ವಾರ ಬೇಕು. ಎಂಟನೇ ದಿನಕ್ಕ ತಂದು ತೋರಸ್ರಿ, ಮತ್ತ ಅಳಿಬೇಕು. ಅಲ್ಲೀತನಕ ಬರೂದು ಬ್ಯಾಡ್ರಿ. ಕರದಂಟೂ ಬ್ಯಾಡ.”

“ನಾ ಏನರ ತಪ್ಪ ಮಾಡಿದ್ನೇನ್ರಿ?”

“ಇಲ್ಲ. ನೀವ್ಯಾಕ ತಪ್ಪ ಮಾಡ್ತೀರಿ?”

ಅವನು ಕೀಲಿ ತೆಗೆದುಕೊಂಡು ಹೋದ. ಬಾಗಿಲಿನ ಕಲ್ಲಿಗೆ ಈ ಸಲ ಕಾರು ತಾಗಲಿಲ್ಲ.

* * *

ಏಳು ದಿನಗಳಲ್ಲಿ ಏಳು ಐದೂವರೆಗಳು ಬಂದವು, ಹೋದವು.

ಎಂಟನೆಯ ದಿನ ಬಿಳಿಯ ಕಾರು ಸದ್ದಿಲ್ಲದೆ ಒಳಗೆ ಬಂದು ನಿಂತಿತು. ದ್ರಾಕ್ಷಾಯಿಣಿ ಟೇಪು ಹಿಡಿದು ಎಡಗಡೆಗೆ ಹೋದಳು. ಗಾಜಿನೊಳಗೆ ನೋಡಿ ದಂಗಾದಳು.

ಜೋಳದ ಚೀಲ ಇನ್ನೂ ಸೀಟಿನಲ್ಲಿತ್ತು. ಬೆಲ್ಟ್ ಹಾಕಿದಂತೆಯೇ.

“ಇದ್ಯಾಕ ಇಳಿಸಿಲ್ಲ?”

“ಇಳಿಸಿದ್ರ ಎಡಗಡೆ ಎದ್ದ ನಿಲ್ಲತೈತಿ. ಆ ಸೀಟಿನವ್ರು ಬಂದು ಕೂಡೂತನಕ ಇರ್ಲಿ ಅಂತ ಬಿಟ್ಟೆ.” ಅವನು ಸ್ವಲ್ಪ ನಕ್ಕ. “ದಿನಾ ನೂರಾ ನಲವತ್ತು ಕಿಲೋಮೀಟರ್ ಇದರ ಜೋಡಿನs ಮಾತಾಡ್ಕೋತ ಹೋಗೇನಿ. ನಿಮ್ಮಷ್ಟು ಬೈಯೂದಿಲ್ಲ ಇದು.”

“ಆಕಿನ್ನ ಕೇಳಿದ್ರೇನು?”

“ಹೆಂಗ ಕೇಳ್ಲಿ? ಗ್ಯಾರೇಜಿಗೆ ಬರಬ್ಯಾಡ ಅಂದ್ರು.”

ಟೇಪು ಅವಳ ಕೈಯಿಂದ ಜಾರಿ, ಸರ್ರನೆ ಸುತ್ತಿಕೊಂಡಿತು.

ಶಿವಾನಂದ ಬಾಗಿಲು ತೆರೆದು, ಚೀಲವನ್ನು ಎತ್ತಿ ಕೆಳಗಿಟ್ಟ. ಕಾರಿನ ಎಡ ಭುಜ ಮೆಲ್ಲನೆ ಎದ್ದಿತು. ಅವನೇ ಅಳೆದ. “ಮುನ್ನೂರ ನಲವತ್ತೇಳು. ಈಗ... ನೀವೊಂದೀಟು ಕೂಡ್ರಿ.”

ಅವಳು ಕುಳಿತಳು. ಕೂಡಬಾರದೆಂದು ಹೊಳೆಯುವ ಮೊದಲೇ ಕುಳಿತಿದ್ದಳು.

ಅವನು ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಟೇಪು ಹಿಡಿದ. ಎರಡು ಸಲ ಓದಿದ.

“ಮುನ್ನೂರ ನಲವತ್ತು.”

ಒಳಗೆ ಮೇಜಿನ ಬಳಿ ಕುಳಿತಿದ್ದ ಬೀರಸಿದ್ದಪ್ಪ ತಲೆಯೆತ್ತಿದ.

“ನನ್ನ ತೂಕ... ನಿಮಗ ಹೆಂಗ ಗೊತ್ತು?”

“ದನಾ ಕುರಿ ಏನು ಕಾಟಾದ ಮ್ಯಾಲ ನಿಂದರತಾವೇನ್ರಿ? ಕಣ್ಣಿಲೆ ನೋಡಿ, ಇಷ್ಟು ಕಿಲೋ ಅಂತ ಅಂದಾಜ್ ಹಿಡದು ಔಷಧ ಕೊಡೂದು. ದಿನಾ ಅದs ಕೆಲಸ. ಮೊದಲನೇ ದಿನ ನೀವು ಪಾನಾ ಹಿಡ್ಕೊಂಡು ಓಡಿ ಬಂದ್ರೆಲ್ಲ... ಅವತ್ತs...”

“ಏನಂದ್ರಿ?” ಅವಳು ಸೀಟಿನಲ್ಲೇ ನೆಟ್ಟಗಾದಳು. “ನನ್ನ ಕುರಿ ನೋಡಿದಂಗ ನೋಡಿದ್ರೇನು!”

“ಅಯ್ಯಯ್ಯ, ಇಲ್ರಿ! ಕಣ್ಣಿನ ಚಟಾ ಅದು...”

“ಮತ್ತ ಹುಕ್ಕೇರಿ ಕನ್ಯಾ?”

“ಯಾವ ಕನ್ಯಾ?... ಅದಾ! ನಮ್ಮ ಕಾಕಾನ ಮಗ ಸೋಮಶೇಖರಗ ನೋಡಾಕ ಹೋಗಿದ್ವಿ. ನಾ ಬರೇ ಡ್ರೈವರ್. ಹನ್ನೊಂದು ಹಂಪಿನ್ಯಾಗ ಹಿರ್ಯಾರನ್ನ ಇಳಿಸಿ ಹತ್ತಿಸೇನಿ. ನಮ್ಮ ದೊಡ್ಡಪ್ಪ ಇನ್ನಾ ನನ್ನ ಜೋಡಿ ಮಾತಾಡವಲ್ಲ.”

ಎಂಟು ದಿನಗಳಿಂದ ತಡೆದಿದ್ದ ಅಳು, ನಗುವಿನ ಜೊತೆಗೇ ಹೊರಬಂದಿತು. ಅವಳು ಎಣ್ಣೆಗೈಯಿಂದ ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಒಂದು ಕಪ್ಪು ಗೆರೆ ಮೂಡಿತು.

“ದ್ರಾಕ್ಷಾಯಿಣಿ...” ಅವನು ಮೊದಲ ಸಲ ಹೆಸರು ಹಿಡಿದು ಕರೆದ. “ಈ ಸೀಟು ನಿಮ್ಮ ತೂಕಕ್ಕ ಅಂತನs ಮಾಡಿಸಿದ್ದು. ದಿನಾ ಕೂಡ್ತೀರೇನು?”

ಅವಳು ತಂದೆಯ ಕಡೆಗೆ ನೋಡಿದಳು. ಬೀರಸಿದ್ದಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದ.

“ನನ್ನ ಕಡೆ ಏನ್ ನೋಡ್ತಿ? ಸೀಟಿನ್ಯಾಗ ಕುಂತಾಕಿ ನೀನು. ಡಾಕ್ಟರ್, ಭಾನುವಾರ ನಿಮ್ಮ ಹಿರ್ಯಾರನ್ನ ಇಲ್ಲಿಗೆ ಕರಕೊಂಡ ಬಾರಪಾ. ಈ ಸಲ ಯಾರನ್ನೂ ಇಳಿಸಬ್ಯಾಡ.”

“ಆತ್ರಿ ಕಾಕಾ!”

ಬೀರಸಿದ್ದಪ್ಪ ಚಹಾ ಹೇಳುವ ನೆಪದಲ್ಲಿ ಹೊರಗೆ ನಡೆದ.

ದ್ರಾಕ್ಷಾಯಿಣಿ ಕಾರಿನಿಂದಿಳಿದು ನೇರವಾಗಿ ಕಾಟಾದ ಮೇಲೆ ನಿಂತಳು. ಇಣುಕಿ ನೋಡಿದಳು. ತುಟಿ ಕಚ್ಚಿ ನಗು ತಡೆದಳು.

“ನಿಮ್ಮ ಅಂದಾಜ್ ತಪ್ಪೈತ್ರಿ ಡಾಕ್ಟರ್. ಐವತ್ಮೂರು.”

“ಆಗಾಕ ಸಾಧ್ಯ ಇಲ್ಲ! ನನ್ನ ಕಣ್ಣು ಒಂದು ಕಿಲೋನೂ ತಪ್ಪೂದಿಲ್ಲ.”

“ಮೊದಲನೇ ದಿನ ಅಂದಾಜ್ ಹಿಡದು ಸುಮ್ಮನ ಕುಂತ್ರ ಆತೇನು? ಆಮ್ಯಾಲ ಮೂರು ವಾರ ದಿನಾ ಕರದಂಟು ತಂದು ತಿನಿಸಿದವ್ರು ಯಾರು?”

ಅವನು ಮನಸಾರೆ ನಕ್ಕ. ಹತ್ತಿರ ಬಂದು, ಅವಳ ಕೆನ್ನೆಯ ಮೇಲಿನ ಕಪ್ಪು ಗೆರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ.

“ಹಂಗಾರ ಎಡಗಡೆ ಮತ್ತ ಹೊಂದಸಬೇಕೇನ್ರಿ?”

ದ್ರಾಕ್ಷಾಯಿಣಿ ತಲೆಯಲ್ಲಾಡಿಸಿದಳು.

“ಬ್ಯಾಡ್ರಿ. ದಿನಾ ಓಡೋ ಗಾಡಿ ಇದು. ಒಂದು ಕಿಲೋ ಹೆಚ್ಚು ಕಡಿಮಿ ತಾಳಬೇಕು.”