ಅಣಕು ನ್ಯಾಯಾಲಯದ ಚಾಟಿ

ಗಾಜಿನ ಪೆಟ್ಟಿಗೆ ಒಂದಕ್ಕೆ ಹದಿನೆಂಟು ಸಾವಿರ ಸೋಮ್, ಅಂಥವು ಆರು. ಒಳಗೆ ಹಾಸಲು ಬಿಳಿ ಕಂಬಳಿ, ಅದಕ್ಕೆ ಮೂರು ಸಾವಿರ. ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಲು ಇಪ್ಪತ್ತೆರಡು ಸಾವಿರ. ಸಂಸ್ಥಾಪಕ ಇಸಾಬೆಕ್ ಗುರುಗಳ ಅರ್ಧಮೂರ್ತಿಯನ್ನು ಪ್ರಾಂಶುಪಾಲರೇ ಖುದ್ದಾಗಿ ರಾಜಧಾನಿ ಬಿಷ್ಕೆಕ್‌ನಲ್ಲಿ ಮಾಡಿಸಿದ್ದರು. ಅದರ ಬೆಲೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಷ್ಟೆಲ್ಲ ಖರ್ಚಿನ ನಡುವೆ ಪುಕ್ಕಟೆ ಸಿಕ್ಕಿದ್ದು ಒಂದೇ. ಗ್ರಂಥಾಲಯದ ನೆಲಮಾಳಿಗೆಯ ಮೂಲೆಯಲ್ಲಿ, ಹಲಗೆ ನೆಲದ ಮೇಲೆ ಬಿದ್ದಿದ್ದ ಒಂದು ಕುದುರೆ ಚಾಟಿ.

"ಅದೊಂದನ್ನ ಮಾತ್ರ ಮುಟ್ಟಬೇಡ ತಮ್ಮಾ," ಅಂದಳು ಗ್ರಂಥಪಾಲಕಿ ಬೂರುಲ್ ಅಕ್ಕ.

"ಯಾಕಕ್ಕಾ, ಕಚ್ಚತ್ತಾ?" ತಿಲೆಕ್ ನಕ್ಕ.

"ಬಿದ್ದಲ್ಲೇ ಇದ್ರೆ ಕಚ್ಚಲ್ಲ. ಎತ್ತಿದ್ರೆ ಕಚ್ಚತ್ತೆ."

ಕರಾಕೋಲ್‌ನ ಆ ಕಾನೂನು ಶಾಲೆಗೆ ತೊಂಬತ್ತು ತುಂಬುತ್ತಿತ್ತು. ಶಾಲೆಯ ಚರಿತ್ರೆಯನ್ನು ಪ್ರದರ್ಶನಕ್ಕಿಡಲು ತಿಲೆಕ್‌ನನ್ನು ರಾಜಧಾನಿಯಿಂದ ಕರೆಸಿದ್ದರು. ಆರು ವರ್ಷದಿಂದ ಅವನು ಒಂದು ಊರಿನ ಮ್ಯೂಸಿಯಮ್ಮಿನಿಂದ ಇನ್ನೊಂದಕ್ಕೆ ಗುತ್ತಿಗೆಯ ಮೇಲೆ ಅಲೆದು ಸುಸ್ತಾಗಿದ್ದ. ಬೂರುಲ್ ಅಕ್ಕ ವಸಂತಕ್ಕೆ ನಿವೃತ್ತಳಾಗುವವಳು. ಪ್ರದರ್ಶನ ಚೆನ್ನಾದರೆ ಗ್ರಂಥಪಾಲಕನ ಜಾಗವೂ, ಜೊತೆಗೆ ಒಲೆಯಿರುವ ಎರಡು ಕೋಣೆಯ ಮನೆಯೂ ಅವನಿಗೇ ಎಂದು ಪ್ರಾಂಶುಪಾಲರು ಮಾತು ಕೊಟ್ಟಿದ್ದರು. ಮನೆಯ ಬೀಗದ ಕೈಯನ್ನು ಆಗಲೇ ಕೊಟ್ಟೂ ಆಗಿತ್ತು.

ತಿಲೆಕ್ ಚಾಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ದೀಪ ಹಿಡಿದ. ಕೆಂಪು ಕಟ್ಟಿಗೆಯ ಹಿಡಿ. ತೊಗಲಿನ ಹೆಣಿಗೆಯ ನಡುನಡುವೆ ಕಪ್ಪಗೆ ಇನ್ನೇನನ್ನೋ ಸೇರಿಸಿ ಹೆಣೆದಿತ್ತು. ಕೂದಲು. ಹೆಂಗಸಿನ ಉದ್ದ ಕೂದಲು. ಸುತ್ತಲಿನ ಕಪಾಟುಗಳ ಮೇಲೆ ಬೆರಳು ದಪ್ಪ ಧೂಳು ಕೂತಿದ್ದರೂ ಚಾಟಿಯ ಮೇಲೆ ಒಂದು ಕಣವಿರಲಿಲ್ಲ. ಪೊರಕೆ ಅದನ್ನು ಬಳಸಿಕೊಂಡು ಹೋಗಿ ಹೋಗಿ ಹಲಗೆಯ ಮೇಲೆ ಚಾಟಿಯ ಸುತ್ತ ಮಾಸಲು ಗೆರೆಯೊಂದು ಬಿದ್ದಿತ್ತು.

"ಯಾರದು ಇದು?"

"ಕೆರಿಮನ ತಾಯೀದು." ಬೂರುಲ್ ಅಕ್ಕ ದನಿ ತಗ್ಗಿಸಿದಳು. "ಈ ಕೋಣೇಲೇ ಆಗ ಹುಡುಗರು ಅಣಕು ನ್ಯಾಯಾಲಯ ಆಡ್ತಿದ್ರು. ಒಬ್ಬ ಜಡ್ಜ್, ಒಬ್ಬ ಕಳ್ಳ, ಇಬ್ಬರು ವಕೀಲರು. ಮೂವತ್ತೇಳನೇ ಇಸವೀಲಿ ಇಸಾಬೆಕ್ ಗುರುಗಳು ಕೆರಿಮನ್ನ ಕರೆದು, ನೀನು ಜನದ್ರೋಹಿ ಪರ ವಕೀಲ, ಚೆನ್ನಾಗಿ ವಾದ ಮಾಡು ಅಂದ್ರಂತೆ. ಪಾಪ, ಗುರುಗಳು ಹೇಳಿದ್ರಲ್ಲ ಅಂತ ಚೆನ್ನಾಗೇ ಮಾಡಿದ. ದ್ರೋಹಿ ಗೆದ್ದುಬಿಟ್ಟ. ಮಾರನೇ ದಿನ ಪೊಲೀಸರ ಗಾಡಿ ಬಂತು. ಯಾರು ನಿಂಗೆ ಹೀಗೆ ಮಾತಾಡೋಕೆ ಹೇಳಿದ್ದು ಅಂತ ಕೇಳಿದ್ರು. ಹುಡುಗ ಗುರುಗಳ ಕಡೆ ನೋಡ್ದ. ಗುರುಗಳು ಕಿಟಕಿ ಕಡೆ ನೋಡಿದ್ರು."

"ಆಮೇಲೆ?"

"ಆಮೇಲೇನು? ಹುಡುಗ ತಿರುಗಿ ಬರಲಿಲ್ಲ. ತಾಯಿ ಬಂದ್ಲು. ಜಡೆ ಕುಯ್ದು ಮಾವನ ಚಾಟಿಗೆ ಹೆಣೆದು, ಮಂತ್ರ ಹಾಕಿಸಿ ತಂದಿದ್ಲು. ಇಲ್ಲಿ ಎಸೆದು, ಕಾನೂನು ಕಲಿಸೋರೇ, ನನ್ನ ಮಗನಿಗೆ ಯಾರು ಹೇಳಿದ್ದು ಅಂತ ಕೇಳಿದ್ಲು. ಒಬ್ರೂ ಎತ್ತಲಿಲ್ಲ."

ಎತ್ತುವುದೆಂದರೆ ಏನೆಂದು ತಿಲೆಕ್‌ಗೆ ಹೇಳಿಕೊಡಬೇಕಿರಲಿಲ್ಲ. ದೂರು ಇರುವವನು ಪಂಚರ ಮುಂದೆ ಚಾಟಿ ಎಸೆಯುತ್ತಾನೆ, ಎತ್ತಿಕೊಂಡವನು ಉತ್ತರ ಕೊಡಲು ಒಪ್ಪಿದ ಹಾಗೆ. ಅವನ ಅಜ್ಜನೂ ಕುಡಿದಾಗ ಇಂಥ ಕತೆ ಹೇಳುತ್ತಿದ್ದ.

"ಅಕ್ಕಾ, ಕಾನೂನು ಶಾಲೇಲಿದ್ದೂ ಹೀಗಂತೀಯಲ್ಲ. ದಾವೆಗೆ ವಾಯಿದೆ ಅಂತ ಒಂದಿರತ್ತೆ. ಇದು ಮುಗಿದು ಯಾವ ಕಾಲ ಆಯ್ತು!"

"ಕಾಗದದ ದಾವೆಗೆ ವಾಯಿದೆ. ಹೆತ್ತೋಳಿಗೆ ಎಲ್ಲೀದು?"

ಅವಳು ಮೆಟ್ಟಿಲೇರಿ ಹೋದಳು. ಅವನು ಹತ್ತಿ ಕೈಗವಸು ತೊಟ್ಟು, ಎರಡೇ ಬೆರಳಿನಲ್ಲಿ, ಮ್ಯೂಸಿಯಮ್ಮಿನವರು ಎತ್ತುವಂತೆ ಚಾಟಿಯನ್ನು ಎತ್ತಿದ. ಬೇಸಗೆಯಲ್ಲಿ ಬಿಸಿಲಿಗೆ ಬಿಟ್ಟ ಕಲ್ಲಿನ ಹಾಗೆ ಅದು ಬೆಚ್ಚಗಿತ್ತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ.

ಮಧ್ಯದ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಮಾಡಿದ. ಪಕ್ಕದಲ್ಲಿ ಅಣಕು ನ್ಯಾಯಾಲಯದ ಫೋಟೋ, ಹಿಂದಿನ ಸಾಲಿನಲ್ಲಿ ಕಿವಿ ದೊಡ್ಡದಿರುವ ತೆಳ್ಳನೆ ಹುಡುಗ. ಕೆಳಗಿನ ಬರಹವನ್ನು ಪ್ರಾಂಶುಪಾಲರು ಮೊದಲೇ ತಿದ್ದಿ ಕೊಟ್ಟಿದ್ದರು: 'ಕೆರಿಮ್, ಮೊದಲ ತಂಡದ ವಿದ್ಯಾರ್ಥಿ. ಸ್ವಂತ ಇಚ್ಛೆಯಿಂದ ಶಾಲೆ ಬಿಟ್ಟರು.'

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಬೀಗ ಹಾಕಿದಂತೆಯೇ ಇತ್ತು. ಚಾಟಿ ಹೊರಗೆ, ನೆಲದ ಮೇಲೆ, ಅವನ ಕುರ್ಚಿಯ ಮುಂದೆ ಬಿದ್ದಿತ್ತು. ಯಾವನೋ ವಿದ್ಯಾರ್ಥಿಯ ಕೀಟಲೆ ಎಂದು ಬೈದು ಒಳಗಿಟ್ಟ. ಮಧ್ಯಾಹ್ನ ಬಜಾರಿನಲ್ಲಿ ಹುಳಿಖಾರದ ತಣ್ಣನೆ ಶಾವಿಗೆ ತಿನ್ನಲು ಕೂತಾಗ ಕಾಲಿಗೆ ಏನೋ ತಾಗಿತು. ಮೇಜಿನಡಿ ನೋಡಿದ. ಕೆಂಪು ಹಿಡಿ ಅವನ ಕಡೆಗೆ ಮುಖ ಮಾಡಿ ಮಲಗಿತ್ತು.

"ಇದ್ಯಾರದಮ್ಮಾ?" ಎಂದು ಬಡಿಸುವವಳನ್ನು ಕೇಳಿದ.

"ಯಾವುದಣ್ಣಾ?" ಅವಳು ಬಗ್ಗಿ ನೋಡಿದಳು. "ನಿನ್ನ ಬೂಟೇನಾ? ನಮ್ಮಲ್ಲಿ ಬೂಟಿಗೆ ಬೇರೆ ಬಿಲ್ ಇಲ್ಲ, ತಿನ್ನು."

ಆ ಸಂಜೆಯಿಂದ ವಾಸನೆ ಶುರುವಾಯಿತು. ಒದ್ದೆ ಕುರಿತುಪ್ಪಳದ ವಾಸನೆ, ಅದರೊಳಗೆ ಕುದುರೆ ಬೆವರು, ಅದರೊಳಗೆ ಸುಟ್ಟ ಕೂದಲು. ತುತ್ತು ಬಾಯಿಗಿಟ್ಟರೆ ಅದೇ, ಅಂಗಿಯಲ್ಲೂ ಅದೇ. ಬಾಡಿಗೆ ಕೋಣೆಯಲ್ಲಿ ಗೋಡೆಯಾಚೆ ಯಾರೋ ತೊಗಲು ಹೆಣೆಯುವ ಸದ್ದು. ಕಿರ್, ಕಿರ್, ಬಿಗಿದು ಎಳೆಯುವ ಸದ್ದು. ಪ್ರತಿ ಎಳೆತಕ್ಕೂ ಅವನ ಕುತ್ತಿಗೆಯ ಸುತ್ತ ಏನೋ ಒಂದು ಎಳೆ ಬಿಗಿಯುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡ. ಗಂಟಲ ಸುತ್ತ ಹೆಣಿಗೆಯ ಅಚ್ಚು, ಕೆಂಪಗೆ, ಅರ್ಧ ಸುತ್ತು. ಬೆಳಗಾಗುವಷ್ಟರಲ್ಲಿ ಮುಕ್ಕಾಲು.

ಅವನು ಓಡಿ ಬಂದು ಬೂರುಲ್ ಅಕ್ಕನ ಮುಂದೆ ಅಂಗಿಯ ಕಾಲರು ಬಿಚ್ಚಿ ತೋರಿಸಿದ. ಅವಳು ಬೈಯಲಿಲ್ಲ. ತಟ್ಟೆಯಲ್ಲಿ ಜುನಿಪರ್ ಸೊಪ್ಪು ಸುಟ್ಟು ಅವನ ತಲೆಯ ಸುತ್ತ ಹೊಗೆ ಆಡಿಸಿದಳು. ಹೊಗೆ ಮೇಲಕ್ಕೇರದೆ ನೆಲಕ್ಕಿಳಿದು, ಮೆಟ್ಟಿಲ ಕಡೆಗೆ ಹರಿಯಿತು. ಅವಳು ತಟ್ಟೆ ಕೆಳಗಿಟ್ಟಳು.

"ತಿರುಗಿ ಅಲ್ಲೇ ಇಟ್ಟುಬಿಡ್ತೀನಿ ಅಕ್ಕಾ."

"ಎತ್ತಿದ ಮೇಲೆ ಇಡೋದು ಅಂತ ಇಲ್ಲ ತಮ್ಮಾ. ಉತ್ತರ ಕೊಡಬೇಕು. ಕೆಳಗೆ ಹೋಗು, ಗುರುಗಳೇ ಹೇಳಿದ್ದು ಅನ್ನು. ಅಷ್ಟೇ. ಆದರೆ ಕೆಳಗೆ ಹೇಳಿದ್ದನ್ನ ನಾಳೆ ಮೇಲೆ ನಾಲ್ಕು ಜನರ ಮುಂದೆಯೂ ಹೇಳಬೇಕು. ಬರೆದು ಅಂಟಿಸಬೇಕು. ಇಲ್ಲದಿದ್ರೆ ಅದು ಉತ್ತರ ಅಲ್ಲ."

"ಸುಳ್ಳು ಹೇಳಿದ್ರೆ?"

"ಸುಳ್ಳೋ ನಿಜವೋ, ನಿನ್ನ ಬಾಯಿ ಮಾತು ಸಾಲದು. ನಿನ್ನ ಪರ ಇನ್ನೊಬ್ಬರು ಆಣೆ ಹಾಕಬೇಕು, ಅದಕ್ಕೆ ಜೀವ ಕೊಡೋದು ಅಂತಾರೆ. ನಿಜ ಆದರೆ ಏನೂ ಇಲ್ಲ. ಸುಳ್ಳಾದರೆ ಆಣೆ ಹಾಕಿದೋರು ಹೋಗ್ತಾರೆ. ಯಾರೂ ಹಾಕದಿದ್ರೆ, ನೀನು." ಅವಳು ಅವನ ಕಾಲರನ್ನು ಗುಂಡಿ ಹಾಕಿ ಮುಚ್ಚಿದಳು. "ನಿಜ ಹೇಳು, ನಾನೇ ಬಂದು ಆಣೆ ಹಾಕ್ತೀನಿ. ಈ ಮುದುಕಿಗೆ ನಿಜದ ಆಣೆಗೆ ಏನು ಭಯ?"

ಅವನು ಹೊಸ ಬರಹ ಬರೆದುಕೊಂಡು ಪ್ರಾಂಶುಪಾಲ ಶರ್ಶೆನ್ ಅವರ ಕೋಣೆಗೆ ಹೋದ. ಅವರು ಓದಿದರು. ಸಿಟ್ಟಾಗಲಿಲ್ಲ. ಅದನ್ನು ಮಡಚಿ ಟೀ ಲೋಟದ ಕೆಳಗಿಟ್ಟರು.

"ನೋಡು ಮರಿ, ನಾಳೆ ಮಂತ್ರಿಗಳು ಬರ್ತಾರೆ. ಶಾಲೆಗೆ ಇಸಾಬೆಕ್ ಹೆಸರಿಡೋ ಆದೇಶ ಅವರ ಜೇಬಲ್ಲಿದೆ. ನಿಂಗೆ ಸತ್ಯ ಬೇಕಾ, ಮನೆ ಬೇಕಾ? ಸತ್ಯ ಬೇಕಾದ್ರೆ ಬೀಗದ ಕೈ ಇಲ್ಲಿಟ್ಟು ಮೂರು ಗಂಟೆ ವ್ಯಾನು ಹಿಡಿ."

ಬೀಗದ ಕೈಯನ್ನು ಅವನು ಇಡಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆಲ್ಲ ಬೆಟ್ಟದ ನೆರಳು ಊರ ಮೇಲೆ ಬೀಳುವ ಕಾಲ. ಅವನು ಚಾಟಿ ಹಿಡಿದು ನೆಲಮಾಳಿಗೆಗೆ ಇಳಿದ. ಕೊನೆಯ ಮೆಟ್ಟಿಲಿಗೆ ಕಾಲಿಡುವಾಗ ಕರೆಂಟು ಹೋಯಿತು. ಆ ಚಳಿಗಾಲದಲ್ಲಿ ದಿನವೂ ಹೋಗುತ್ತಿತ್ತು, ಹೊಸತೇನಲ್ಲ. ಆದರೆ ಈ ಕತ್ತಲೆ ಬೇರೆಯಾಗಿತ್ತು. ಕಂಬಳಿಯ ಹಾಗೆ ಮುಖಕ್ಕೆ ತಾಗುತ್ತಿತ್ತು. ಹಳೆಯ ಕಾಗದದ ವಾಸನೆ ಇಲ್ಲ. ಅಂಟಿನ ವಾಸನೆ ಇಲ್ಲ. ಒದ್ದೆ ತುಪ್ಪಳ. ಬೆವರು. ಕೂದಲು.

ಕಿರ್.

ಕಪಾಟುಗಳು ಅಲ್ಲಿರಲಿಲ್ಲ. ಕೈ ಚಾಚಿದರೆ ಸಿಕ್ಕಿದ್ದು ಬೆಂಚು. ಮುಂದೆ ಇನ್ನೊಂದು ಬೆಂಚು. ಯಾರೋ ಸಾಲಾಗಿ ಕುಳಿತು ಉಸಿರು ಹಿಡಿದಂತೆ. ಎದುರು, ಹಿಂದಿನ ಕಾಲದ ಹೆಂಗಸರು ತಲೆಗೆ ಸುತ್ತುತ್ತಿದ್ದ ಬಿಳಿ ಬಟ್ಟೆಯ ದೊಡ್ಡ ರುಮಾಲು ಮಾತ್ರ ಕಾಣುತ್ತಿತ್ತು. ಅದರ ಕೆಳಗೆ ಮುಖವಿರಬೇಕಾದಲ್ಲಿ ಏನೂ ಕಾಣಲಿಲ್ಲ.

"ಯಾರು ಹೇಳಿದ್ದು?"

ಮುದುಕಿಯ ದನಿ. ಜೋರಾಗಿರಲಿಲ್ಲ. ಮನೆಯಲ್ಲಿ, ಹಾಲು ಯಾರು ಚೆಲ್ಲಿದ್ದು ಎಂದು ಕೇಳುವ ದನಿ.

ತಿಲೆಕ್ ಬಾಯಿ ತೆರೆದ. ಹೆಸರು ನಾಲಗೆಯ ಮೇಲಿತ್ತು. ಇಸಾಬೆಕ್. ಅಷ್ಟೇ. ಒಂದೇ ಮಾತು. ಆದರೆ ನಾಳೆ? ಮಂತ್ರಿಗಳ ಮುಂದೆ? ಮತ್ತೆ ವ್ಯಾನು. ಮತ್ತೆ ಬೇರೆ ಊರು, ಬೇರೆಯವರ ಒಲೆ. ಜೇಬಿನಲ್ಲಿ ಬೀಗದ ಕೈ ತೊಡೆಗೆ ಒತ್ತುತ್ತಿತ್ತು.

"ಯಾರೂ ಹೇಳಲಿಲ್ಲ," ಅಂದ. "ಸ್ವಂತ ಇಚ್ಛೆಯಿಂದ."

ಬೆಂಚುಗಳು ಒಟ್ಟಿಗೆ ಕಿರುಗುಟ್ಟಿದವು. ಕೈಯಲ್ಲಿದ್ದ ಚಾಟಿ ಕೈಯಲ್ಲಿರಲಿಲ್ಲ. ಕುತ್ತಿಗೆಯಲ್ಲಿತ್ತು. ಒಂದು ಸುತ್ತು. ಎಳೆತ. ಕಣ್ಣಲ್ಲಿ ಕೆಂಪು.

"ನಿನ್ನ ಪರ ಜೀವ ಕೊಡೋರು ಯಾರು?"

ಉಸಿರಿಲ್ಲ. ಇನ್ನೊಂದು ಎಳೆತ. ಮೊಣಕಾಲು ಹಲಗೆಗೆ ಬಡಿಯಿತು. ಯಾರ ಹೆಸರು? ಯಾರದ್ದಾದರೂ. ಯಾರದ್ದಾದರೂ!

"ಬೂರುಲ್!" ಅವನು ಕಿರುಚಿದ. "ಬೂರುಲ್ ಅಕ್ಕ ಕೊಡ್ತಾಳೆ!"

ಎಳೆತ ನಿಂತಿತು.

ಮೆಟ್ಟಿಲ ಮೇಲೆ ಬೆಳಕು. ಫೋನಿನ ದೀಪ ಹಿಡಿದು ಬೂರುಲ್ ಅಕ್ಕ ಅರ್ಧ ಇಳಿದಿದ್ದಳು. ಆಣೆ ಹಾಕಲೆಂದೇ ಬಂದವಳು ಅವನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ತಮ್ಮಾ," ಅಂದಳು. "ಮಾತು ಬದಲಿಸು. ಇನ್ನೂ ಹೊತ್ತಿದೆ."

ಅವನು ತಲೆ ಅಲ್ಲಾಡಿಸಿದ. ಅಲ್ಲಾಡಿಸಿದಷ್ಟೂ ಹೆಣಿಗೆ ಬಿಗಿಯಿತು. ತೆವಳಿ ಹೋಗಿ ಅವಳ ಕೋಟಿನ ಅಂಚು ಹಿಡಿದ. "ಹೂಂ ಅನ್ನಕ್ಕಾ. ಒಂದೇ ಒಂದು ಸಲ. ನಿನ್ನ ಕಾಲು ಹಿಡೀತೀನಿ, ಹೂಂ ಅನ್ನು."

ಬೂರುಲ್ ಅಕ್ಕ ಅವನನ್ನು ನೋಡಿದಳು. ಮೂಗಿನಿಂದ ರಕ್ತ, ನೀಲಿ ತುಟಿ. ಆಮೇಲೆ ಬಿಳಿ ರುಮಾಲನ್ನು ನೋಡಿದಳು, ಬಹಳ ಹೊತ್ತು.

"ಬಿಡು ತಾಯೀ," ಅಂದಳು. "ಇವನನ್ನೂ ಯಾರೋ ಹೆತ್ತಿದಾರೆ." ಒಂದು ಉಸಿರು ಎಳೆದುಕೊಂಡಳು. "ಇವನು ಹೇಳಿದ್ದು ನಿಜ. ಜೀವ ಕೊಟ್ಟೆ."

ಚಾಟಿ ಸಡಿಲವಾಗಿ ನೆಲಕ್ಕೆ ಬಿತ್ತು. ಎದುರಿನಿಂದ ಅಳು ಬರಲಿಲ್ಲ, ಶಾಪವೂ ಬರಲಿಲ್ಲ. ಮುದುಕಿ ಬಗ್ಗಿದ ಸದ್ದು ಕೇಳಿತು, ಸೊಂಟ ಹಿಡಿದುಕೊಂಡು, ನೋವಿನಿಂದ. ಚಾಟಿಯನ್ನು ತಾನೇ ಎತ್ತಿಕೊಂಡಳು. ಬರಿಗಾಲ ಹೆಜ್ಜೆಗಳು ಗೋಡೆಯ ತನಕ ಹೋದವು, ಗೋಡೆಯಾಚೆಗೂ ಹೋದವು. ಕರೆಂಟು ಬಂತು. ಕಪಾಟುಗಳು, ರಟ್ಟಿನ ಪೆಟ್ಟಿಗೆಗಳು, ಧೂಳು.

ಪ್ರದರ್ಶನ ಚೆನ್ನಾಗಿ ನಡೆಯಿತು. ಮಂತ್ರಿಗಳು ಅರ್ಧಮೂರ್ತಿಯ ಮೇಲಿನ ಕೆಂಪು ಬಟ್ಟೆ ಎಳೆದರು. ಹುಡುಗಿಯರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ತಿಲೆಕ್ ಎತ್ತರದ ಕಾಲರಿನ ಸ್ವೆಟರು ಹಾಕಿ ಎಲ್ಲರಿಗೂ ವಿವರಿಸಿದ. ಮಧ್ಯದ ಪೆಟ್ಟಿಗೆಯಲ್ಲಿ ಬಿಳಿ ಕಂಬಳಿ ಮಾತ್ರ ಇತ್ತು. ಅಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ.

ಬೂರುಲ್ ಅಕ್ಕ ಮಾರನೆಯ ದಿನದಿಂದಲೇ ಕೆಲಸ ಒಪ್ಪಿಸತೊಡಗಿದಳು. ಯಾವ ಕಪಾಟಿಗೆ ಇಲಿ ಬರುತ್ತದೆ, ಯಾವ ಕಿಟಕಿ ಹಿಮ ಕರಗಿದಾಗ ಸೋರುತ್ತದೆ, ಮೊದಲ ತಂಡದ ಫೋಟೋಗಳ ಗಾಜಿನ ನೆಗೆಟಿವ್‌ಗಳನ್ನು ಹೇಗೆ ಎತ್ತಬೇಕು, ಎಲ್ಲವನ್ನೂ ತೋರಿಸಿದಳು. ತೋರಿಸುತ್ತ ತೋರಿಸುತ್ತ ಆಗಾಗ ಗಂಟಲಿಗೆ ಕೈ ಹೋಗುತ್ತಿತ್ತು.

"ಏನೂ ಆಗಲಿಲ್ಲ ಅಲ್ವಾ ಅಕ್ಕಾ? ವಸಂತ ಬಂದೇಬಿಡ್ತು," ಎಂದು ಅವನು ಒಮ್ಮೆ ಕೇಳಿದ.

"ಟೀ ಆರ್ತಿದೆ, ಕುಡಿ," ಅಂದಳು.

ಅವಳು ಓದುವ ಕೋಣೆಯ ಕುರ್ಚಿಯಲ್ಲೇ ಹೋದಳು, ಬೆಳಿಗ್ಗೆ, ಕಿಟಕಿಯಿಂದ ಬಿಸಿಲು ಬಿದ್ದಿರುವಾಗ. ಹೃದಯ ಎಂದರು ಡಾಕ್ಟರು. ಮೈ ತೊಳೆದ ಹೆಂಗಸರು ಮಾತ್ರ ಅವಳ ಕುತ್ತಿಗೆಗೆ ಬಟ್ಟೆ ಸುತ್ತಿ, ಯಾರಿಗೂ ತೋರಿಸದೆ ಕಳಿಸಿದರು. ಮಣ್ಣು ಹಾಕುವಾಗ ತಿಲೆಕ್‌ನೂ ಒಂದು ಸಲಿಕೆ ಹಾಕಿದ. ಅವಳ ಮಗಳು ಅವನ ಕೈ ಹಿಡಿದು, "ಅಮ್ಮ ನಿಮ್ಮ ಬಗ್ಗೆ ಬಹಳ ಹೇಳ್ತಿದ್ಲು ಅಣ್ಣಾ, ಹುಡುಗ ಕೆಟ್ಟೋನಲ್ಲ ಅಂತ," ಅಂದಳು.

ತಿಲೆಕ್‌ಗೆ ಕೆಲಸ ಖಾಯಮಾಯಿತು, ಮನೆ ಸಿಕ್ಕಿತು. ಶಾಲೆಗೆ ಇಸಾಬೆಕ್ ಹೆಸರು ಬಂತು. ಬೂರುಲ್ ಅಕ್ಕ ಜೀವ ಕಳೆದುಕೊಂಡಳು. ಕೆರಿಮನ ತಾಯಿ ಅದೇ ಕೋಣೆಯಲ್ಲಿ ಎರಡನೆಯ ಸಲ ಸೋತಳು.